ಅಚ್ಚಿನಲ್ಲಿ ಮೂಡುವ ಕಥೆಯ ಮುಖಗಳು

ಆಂಧ್ರದ ಹಿಂದೂಪುರದ ಪಕ್ಕದಲ್ಲಿ ಪರಿಗಿ ಎಂಬ ಊರಿದೆ. ಅಲ್ಲಿಂದ ಗಡಿ ದಾಟಿದರೆ ಗೌರಿಬಿದನೂರು, ಮಧುಗಿರಿಯ ಸೀಮೆ. ಆ ಕಡೆಯ ಮಡಕಶಿರಾದ ಕನ್ನಡಿಗರೂ ಕಾಸರಗೋಡಿನ ನಾವೂ ಒಂದು ಕಾಲಕ್ಕೆ ಮದರಾಸಿಗೆ ಸೇರಿದವರು. ಅವರು 1953ರಲ್ಲಿ ಆಂಧ್ರದ ಪಾಲಾದರು, ನಾವು 1956ರಲ್ಲಿ ಕೇರಳದ ಪಾಲಾದೆವು. ಎರಡೂ ಕಡೆಯ ಮಕ್ಕಳು ಕನ್ನಡ ಓದಬಲ್ಲರು. ಆದರೆ ಅಜ್ಜಿ ಹೇಳುತ್ತಿದ್ದ ಕಥೆಯ ಪಾತ್ರಗಳು ಅವರಿಗೆ ಅಪರಿಚಿತವಾಗುತ್ತಿವೆ. ಕೈಗೆ ಕೆಲಸ ಕೊಟ್ಟರೆ ಕಥೆ ನಾಲಿಗೆಗೆ ಬರುತ್ತದೆ. ಮುಖವಾಡ ತಯಾರಿಕೆ ಅಂಥದೊಂದು ಕೆಲಸ.

ಮುಖ ಕಟ್ಟುವ ಕಲೆ ನಮಗೆ ಹೊಸತಲ್ಲ. ತುಮಕೂರು, ಹಾಸನ, ಮಂಡ್ಯದ ಕಡೆ ಗ್ರಾಮದೇವತೆಯ ಜಾತ್ರೆಯಲ್ಲಿ ಮರದ ಮೊಗ ಹೊತ್ತು ಸೋಮನ ಕುಣಿತವಾಡುತ್ತಾರೆ. ನಮ್ಮಲ್ಲಿ ಪಂಜುರ್ಲಿಯ ಹಂದಿಮೊಗವನ್ನು ನೋಡದವರು ಯಾರು? ತೆಂಕುತಿಟ್ಟಿನ ಬಣ್ಣದ ವೇಷಕ್ಕಂತೂ ಮುಖವೇ ಹಲಗೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಚಿಟ್ಟಿ ಇಡುತ್ತಾರೆ. ಗಂಟೆಗಟ್ಟಲೆ ಕುಳಿತು ಕಟ್ಟಿದ ಆ ಶಿಲ್ಪ ಬೆಳಗಾದೊಡನೆ ತೊಳೆದುಹೋಗುತ್ತದೆ.

ಇಲ್ಲೊಂದು ವಿವೇಕ ಬೇಕು. ಸೋಮನ ಮೊಗಕ್ಕೂ ಭೂತದ ಮೊಗಕ್ಕೂ ಪೂಜೆಯುಂಟು, ಕಟ್ಟುಕಟ್ಟಲೆಯುಂಟು. ಅವನ್ನು ಗೋಡೆಯ ಅಲಂಕಾರಕ್ಕೆಂದು ಮಾಡುವುದು ತರವಲ್ಲ. ಶೂರ್ಪನಖಿ, ಮಹಿಷಾಸುರ, ಗೋವಿನ ಹಾಡಿನ ಹುಲಿ ಇವರೆಲ್ಲ ಇರುವಾಗ ಪಾತ್ರಗಳಿಗೇನು ಬರ?

ಮೊದಲು ಹಲಗೆಯ ಮೇಲೆ ಆವೆಮಣ್ಣಿನಲ್ಲಿ ಮುಖ ತಿದ್ದಬೇಕು. ಹುಬ್ಬು, ಮೂಗು, ಕೋರೆಹಲ್ಲು ದೊಡ್ಡದಾಗಿರಲಿ. ಒಳಕ್ಕೆ ಬಾಗಿದ ಸಂದು ಬೇಡ, ಇದ್ದರೆ ಮುಖವಾಡ ಅಚ್ಚಿನಿಂದ ಬಿಡದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬುದು ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿ ಶಾಖದಲ್ಲಿ ಕಾಯಿಸಿ, ಅದರೊಳಗಿನ ನೀರಿನ ಮುಕ್ಕಾಲು ಭಾಗ ಕಳೆದ ಪುಡಿ. ನೀರು ಸಿಕ್ಕೊಡನೆ ಮತ್ತೆ ಕಲ್ಲಾಗುತ್ತದೆ. ಪುಡಿಗೆ ನೀರು ಹೊಯ್ಯಬಾರದು. ನೀರಿಗೆ ಪುಡಿ ಉದುರಿಸಿ, ಗುಳ್ಳೆ ಏಳದಂತೆ ಮೆಲ್ಲನೆ ಕಲಸಬೇಕು. ಅದನ್ನು ಮಣ್ಣಿನ ಮುಖದ ಮೇಲೆ ಒಂದಂಗುಲ ದಪ್ಪಕ್ಕೆ ಮೆತ್ತಿ, ಗಟ್ಟಿಯಾದ ಮೇಲೆ ಮಣ್ಣು ತೆಗೆದರೆ ಅಚ್ಚು ಸಿದ್ಧ.

ಗೋಡೆಗೆ ತೂಗುಹಾಕುವುದಾದರೆ ಅಚ್ಚಿನೊಳಗೆ ಸಾಬೂನು ನೀರು ಬಳಿದು, ತೆಂಗಿನ ನಾರು ಸೇರಿಸಿ, ಪ್ಲಾಸ್ಟರನ್ನೇ ತುಂಬಬಹುದು. ಕುಣಿಯುವ ಮಗುವಿಗೆ ಅದು ಭಾರ. ಅಚ್ಚಿಗೆ ಎಣ್ಣೆ ಸವರಿ, ಹಳೆಯ ಪತ್ರಿಕೆಯ ಚೂರುಗಳನ್ನು ಮೈದಾ ಅಂಟಿನಲ್ಲಿ ಐದಾರು ಪದರ ಹಚ್ಚಿ ಒಣಗಿಸಿದರೆ ಹಗುರ ಮುಖವಾಡ ಬರುತ್ತದೆ. ಒಂದೇ ಅಚ್ಚಿನಿಂದ ಇಡೀ ತರಗತಿಗೆ ಆದೀತು.

ಹೆತ್ತವರು ಒಂದು ಮಾತನ್ನು ಮರೆಯಕೂಡದು. ಪ್ಲಾಸ್ಟರ್ ಗಟ್ಟಿಯಾಗುವಾಗ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಕೈಯ ಅಚ್ಚು ತೆಗೆಯಹೋದ ವಿದ್ಯಾರ್ಥಿನಿ ಎಂಟು ಬೆರಳುಗಳನ್ನು ಕಳೆದುಕೊಂಡಳು. ಆದ್ದರಿಂದ ಮಗುವಿನ ಮುಖದ ಮೇಲಾಗಲಿ ಕೈಯ ಮೇಲಾಗಲಿ ಅಚ್ಚು ತೆಗೆಯಬೇಡಿ. ಪುಡಿ ಉಸಿರಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ. ಉಳಿದುದನ್ನು ಚರಂಡಿಗೆ ಸುರಿಯಬೇಡಿ, ಅಲ್ಲೇ ಕಲ್ಲಾಗಿ ಕೂರುತ್ತದೆ. ತೋಡಿಗೂ ಬೇಡ, ಅದು ಮಣ್ಣಿನಂತೆ ಕರಗದು.

ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ರಂಗಕ್ಕೆ ಏರುವವರು ಕೆಲವರೇ. ಉಳಿದ ಮಕ್ಕಳ ಕೈಗೆ ಮಣ್ಣು ಕೊಡೋಣ. ಶೂರ್ಪನಖಿಯ ಮೂಗು ತಿದ್ದುವ ಹುಡುಗಿ, ಅದನ್ನು ಕೊಯ್ದವರು ಯಾರು, ಏಕೆ ಎಂದು ಕೇಳದೆ ಇರಲಾರಳು. ಆಗ ಕನ್ನಡದಲ್ಲಿ ಕಥೆ ಹೇಳಲು ಮನೆಯಲ್ಲೊಬ್ಬರು ಸಿದ್ಧರಿರಬೇಕು.