ಮರದ ಕ್ಯಾಮೆರಾ: ಒಂದಕ್ಕೆ ಲಕ್ಷ, ಇನ್ನೊಂದಕ್ಕೆ ನೂರು

2010ರ ಮೇ ತಿಂಗಳು. ವಿಯೆನ್ನಾದ ವೆಸ್ಟ್‌ಲಿಶ್ಟ್ ಹರಾಜು ಕೇಂದ್ರದಲ್ಲಿ ಒಂದು ಹಳೆಯ ಮರದ ಪೆಟ್ಟಿಗೆ ಸವಾಲಿಗೆ ಬಂತು. ಎರಡು ಲಕ್ಷ ಯೂರೋದಿಂದ ಶುರುವಾದ ಕೂಗು ನಿಂತಾಗ, ಕಮಿಷನ್ನೂ ಸೇರಿ ಅದರ ಬೆಲೆ 7,32,000 ಯೂರೋ! ಪ್ಯಾರಿಸ್ಸಿನ ಅಲ್ಫೋನ್ಸ್ ಜಿರೂ 1839ರಲ್ಲಿ ತಯಾರಿಸಿದ ಕ್ಯಾಮೆರಾ ಅದು. ಪಕ್ಕದ ಫಲಕದ ಮೇಲೆ ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಡಾಗೇರ್‌ನ ಸಹಿಯಿತ್ತು.

ಇಂಥ ಸುದ್ದಿ ಓದಿದವರಿಗೆ ಅಟ್ಟದ ಮೇಲಿರುವ ತಾತನ ಕಾಲದ ಕ್ಯಾಮೆರಾ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಇಂಗ್ಲೆಂಡಿನ ಹರಾಜುಗಳಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಮಹಾಗನಿ ಫೀಲ್ಡ್ ಕ್ಯಾಮೆರಾಗಳು ಸಾಮಾನ್ಯವಾಗಿ ಕೆಲವು ನೂರು ಪೌಂಡುಗಳಿಗೇ ಬಿಕರಿಯಾಗುತ್ತವೆ. ಎರಡೂ ಮರದವೇ, ಎರಡೂ ಹಳೆಯವೇ. ಹಾಗಾದರೆ ಈ ಅಂತರವೇಕೆ?

ವಯಸ್ಸೊಂದೇ ಸಾಲದು

ಫೀಲ್ಡ್ ಕ್ಯಾಮೆರಾ ಎಂದರೆ ಮಡಚಿ ಹೊರಗೆ ಹೊತ್ತೊಯ್ಯಬಹುದಾದ ಕ್ಯಾಮೆರಾ. ಮುಂದೆ ಮಸೂರ, ಹಿಂದೆ ಮಬ್ಬು ಗಾಜು, ನಡುವೆ ಚರ್ಮದ ತಿದಿ. ಕರಿಬಟ್ಟೆ ಹೊದ್ದು ನೋಡಿದರೆ ಗಾಜಿನ ಮೇಲೆ ಬಿಂಬ ತಲೆಕೆಳಗಾಗಿ ಮೂಡುತ್ತದೆ. ತಿದಿಯನ್ನು ಹಿಗ್ಗಿಸಿ ಕುಗ್ಗಿಸಿ ಅದನ್ನು ಸ್ಪಷ್ಟಗೊಳಿಸಬೇಕು.

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಬಳಕೆಗೆ ತಂದ ಹಸಿ ತಟ್ಟೆಯ ವಿಧಾನದಲ್ಲಿ, ತಟ್ಟೆ ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ಬಯಲಿಗೆ ಹೋದರೆ ಕತ್ತಲೆಯ ಡೇರೆಯೂ ಜೊತೆಗಿರಬೇಕು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ವೈದ್ಯ ಜೆಲಾಟಿನ್ ಒಣ ತಟ್ಟೆಯ ದಾರಿ ತೋರಿದ ಮೇಲೆ ಈ ಹೊರೆ ಇಳಿಯಿತು, ಹವ್ಯಾಸಿಗಳು ಹೆಚ್ಚಿದರು. ಬರ್ಮಿಂಗ್‌ಹ್ಯಾಮಿನ ಲ್ಯಾಂಕಾಸ್ಟರ್, ಆಲ್ಟ್ರಿಂಗ್‌ಹ್ಯಾಮಿನ ಥಾರ್ನ್‌ಟನ್ ಪಿಕಾರ್ಡ್‌ನಂಥ ಕಂಪನಿಗಳು ಇವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದವು. ಅವುಗಳಲ್ಲಿ ಸಾಕಷ್ಟು ಇನ್ನೂ ಉಳಿದಿವೆ. ಸುಲಭವಾಗಿ ಸಿಗುವುದಕ್ಕೆ ಬೆಲೆ ಏರದು.

ಭಾರತದ ಬಿಸಿಲಿಗೆ ತೇಗ

ಅದೇ ಕಾಲದ 'ಟ್ರಾಪಿಕಲ್' ಮಾದರಿಗಳ ಕಥೆ ಬೇರೆ. ಭಾರತದಂಥ ದೇಶಗಳ ಬಿಸಿಲು, ತೇವ, ಹುಳುಗಳಿಗೆ ಜಗ್ಗದಂತೆ ಅವನ್ನು ತೇಗದಲ್ಲಿ ಮಾಡುತ್ತಿದ್ದರು. ಸೆಕೆಗೆ ಅಂಟು ಬಿಟ್ಟರೂ ಕೀಲು ಕಳಚದಂತೆ ಹಿತ್ತಾಳೆಯ ಪಟ್ಟಿ, ತಿರುಪುಗಳಿರುತ್ತಿದ್ದವು. ಸ್ಯಾಂಡರ್‌ಸನ್ ಹೆಸರಿನ ಇಂಥ ಕ್ಯಾಮೆರಾಕ್ಕೆ ಸಾಧಾರಣ ಮಾದರಿಗಿಂತ ಹೆಚ್ಚು ಬೆಲೆ. ಕೆಲವೊಮ್ಮೆ ಪೆಟ್ಟಿಗೆಗಿಂತ ಅದರ ಮಸೂರವೇ ದುಬಾರಿ. ಹಸಿ ತಟ್ಟೆಯ ವಿಧಾನವನ್ನು ಮತ್ತೆ ಹಿಡಿದಿರುವ ಛಾಯಾಗ್ರಾಹಕರು ಡಾಲ್‌ಮೇಯರ್ ಕಂಪನಿಯ ಹಳೆಯ ಭಾವಚಿತ್ರ ಮಸೂರಗಳನ್ನು ಹುಡುಕಿಕೊಂಡು ಬರುತ್ತಾರೆ.

ಕೊಳ್ಳುವವರು ಮೊದಲು ನೋಡುವುದು ತಯಾರಕರ ಹೆಸರಿನ ಫಲಕ. ಆಮೇಲೆ ತಿದಿಯಲ್ಲಿ ತೂತಿದೆಯೇ, ಮಬ್ಬು ಗಾಜು ಒಡೆದಿದೆಯೇ, ತಟ್ಟೆ ಇಡುವ ಚೌಕಟ್ಟುಗಳು ಜೊತೆಗಿವೆಯೇ, ಮಸೂರ ಮೂಲದ್ದೇ ಎಂಬ ಪರೀಕ್ಷೆ. ಇಲ್ಲಿಯೇ ಅನೇಕರು ಎಡವುವುದು. ಮಾರುವ ಆತುರದಲ್ಲಿ ಮರಕ್ಕೆ ಹೊಸ ವಾರ್ನಿಷ್ ಬಳಿಯುತ್ತಾರೆ, ಹಿತ್ತಾಳೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಸುತ್ತಾರೆ. ಹಳೆಯ ಮೆರುಗು ಹೋಯಿತೆಂದರೆ ಬೆಲೆಯೂ ಹೋಯಿತು. ಮೆತ್ತನೆಯ ಒಣ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು.

ಹರಾಜಿನ ದಾಖಲೆಯೇನೋ ಮರದ ಪಾಲಿಗಿಲ್ಲ. 2022ರಲ್ಲಿ 1 ಕೋಟಿ 44 ಲಕ್ಷ ಯೂರೋಗೆ ಮಾರಾಟವಾದದ್ದು ಆಸ್ಕರ್ ಬಾರ್ನಾಕ್ ಬಳಸಿದ್ದ, ಅಂಗೈಯಲ್ಲಿ ಹಿಡಿಯಬಹುದಾದ ಲೋಹದ ಲೈಕಾ. ಮರದ ಪೆಟ್ಟಿಗೆಗಳನ್ನು ಮೂಲೆಗೆ ತಳ್ಳಿದ್ದು ಅದೇ ವಂಶ!

ಆದರೂ ಹರಾಜಿನ ಕೂಗಿಗೆ ಸಿಗದ ಬೆಲೆಯೂ ಒಂದಿದೆ. ಕೇರಳದ ಆಲಪ್ಪುಳದಲ್ಲಿ ಸಂಗೀತ ವಾದ್ಯ ರಿಪೇರಿಯ ಮನೆತನದ ಕೆ. ಕರುಣಾಕರನ್, ಒಬ್ಬ ಛಾಯಾಗ್ರಾಹಕರ ಕ್ಯಾಮೆರಾದ ಹರಿದ ತಿದಿಯನ್ನು ಸರಿಪಡಿಸಿಕೊಟ್ಟರು. ಹಾರ್ಮೋನಿಯಂ ತಿದಿ ಬಲ್ಲ ಕೈಗೆ ಅದು ಹೊಸದೆನಿಸಲಿಲ್ಲ. 1940ರ ದಶಕದಲ್ಲಿ ಅವರು ಇಡೀ ಕ್ಯಾಮೆರಾವನ್ನೇ ತೇಗದಲ್ಲಿ ಮಾಡತೊಡಗಿದರು. ಅದೇ 'ವಾಗೀಶ್ವರಿ'. ದೇಶದ ಎಷ್ಟೋ ಸ್ಟುಡಿಯೋಗಳಲ್ಲಿ ಅದು ದುಡಿಯಿತು. ಅಟ್ಟದ ಪೆಟ್ಟಿಗೆಯನ್ನು ಗುಜರಿಯವನ ತಕ್ಕಡಿಗೆ ಹಾಕುವ ಮುನ್ನ ಫಲಕದ ಮೇಲಿನ ಹೆಸರನ್ನೊಮ್ಮೆ ಓದಿ ನೋಡಬೇಕು.