ನೆಲೆಯರಸಿ ಬಂದವರು, ನೆಲೆ ನೀಡಿದ ನಾಡು

ಹುಟ್ಟಿದ ನೆಲವನ್ನು ಸುಖಕ್ಕಾಗಿ ತೊರೆಯುವವರು ವಿರಳ. ಬರಗಾಲ, ಯುದ್ಧ, ಆಳುವವರ ದಬ್ಬಾಳಿಕೆ, ಹೊಟ್ಟೆಯ ಹಸಿವು ಇವೇ ಮನುಷ್ಯನನ್ನು ಊರ ಗಡಿಯಾಚೆಗೆ ನೂಕುತ್ತವೆ. ಹಾಗೆ ಬಂದವನಿಗೆ ಎರಡು ಬಗೆಯ ನೆಲೆ ಬೇಕು. ದುಡಿದು ಉಣ್ಣುವ ನೆಲೆ ಒಂದು. ನಾಲ್ಕು ಜನರ ನಡುವೆ ತಲೆಯೆತ್ತಿ ನಡೆಯುವ ನೆಲೆ ಇನ್ನೊಂದು. ಮೊದಲನೆಯದನ್ನು ಸರ್ಕಾರವು ಕಾಗದದ ಮೇಲೆ ಬರೆದು ಕೊಡಬಹುದು. ಎರಡನೆಯದನ್ನು ಕೊಡಬೇಕಾದುದು ನೆರೆಹೊರೆಯ ಸಮಾಜವೇ. ಈ ಎರಡನೆಯ ಹೊಣೆಯನ್ನು ಕುರಿತು ಶರಣಬಂಧುಗಳಲ್ಲಿ ಕೆಲವು ವಿಚಾರಗಳನ್ನು ನಿವೇದಿಸಿಕೊಳ್ಳುವುದೇ ಈ ಲೇಖನದ ಉದ್ದೇಶ.

ಕಲ್ಯಾಣಕ್ಕೆ ಬಂದ ಪರದೇಶಿಗಳು

ಹನ್ನೆರಡನೆಯ ಶತಮಾನದ ಕಲ್ಯಾಣವು ವಲಸೆ ಬಂದವರ ನಗರವಾಗಿತ್ತೆಂಬುದನ್ನು ನಾವು ಎಷ್ಟೋ ಸಲ ಮರೆಯುತ್ತೇವೆ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ತೊರೆದು ಪತ್ನಿ ಮಹಾದೇವಿಯೊಡನೆ ಬಂದವರೆಂದು ಪರಂಪರೆ ಹೇಳುತ್ತದೆ. ಮರುಳಶಂಕರದೇವರು ಇಂದಿನ ಅಫಘಾನಿಸ್ತಾನದ ಕಡೆಯಿಂದ ಬಂದವರೆಂಬ ನಂಬಿಕೆಯಿದೆ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದ ಆದಯ್ಯನವರು ತಮ್ಮ ನಾಡಿನ ಸೋಮನಾಥನನ್ನೂ ಇಲ್ಲಿಗೆ ತಂದರೆಂಬ ಕಥೆ ಪ್ರಸಿದ್ಧವಾಗಿದೆ.

ಇವರಲ್ಲಿ ಮಾರಯ್ಯನವರ ಬದುಕು ವಿಶೇಷವಾಗಿ ಮನನೀಯ. ಅವರು ಕಲ್ಯಾಣದ ದಾಸೋಹದಲ್ಲಿ ಕುಳಿತು ಉಣ್ಣುವ ಅತಿಥಿಯಾಗಲಿಲ್ಲ. ಕಾಡಿನಿಂದ ಕಟ್ಟಿಗೆಯ ಹೊರೆ ತಂದು ಮಾರುವ ಕಾಯಕವನ್ನು ಕೈಗೊಂಡರು. ಕಲ್ಯಾಣವೂ ಅವರ ಪೂರ್ವಾಶ್ರಮವನ್ನು ಕೆದಕದೆ ಅನುಭವ ಮಂಟಪದಲ್ಲಿ ಸ್ಥಾನವನ್ನಿತ್ತಿತು. ಬಂದವನು ಕಾಯಕದಿಂದ ನಾಡಿಗೆ ಸಲ್ಲಬೇಕು, ನಾಡು ಗೌರವದಿಂದ ಅವನನ್ನು ಒಳಗೊಳ್ಳಬೇಕು. ವಲಸಿಗರ ಆರ್ಥಿಕ ಮತ್ತು ಸಾಮಾಜಿಕ ಸಮನ್ವಯವೆಂದು ಇಂದಿನ ವಿದ್ವಾಂಸರು ಕರೆಯುವುದು ಇದನ್ನೇ.

ಬೈಲಕುಪ್ಪೆಯ ಕಾಡಿನಲ್ಲಿ

ನಮ್ಮ ಕಾಲದಲ್ಲಿ ಕನ್ನಡ ನಾಡು ಈ ಪರೀಕ್ಷೆಗೆ ಒಳಗಾದುದು ಟಿಬೆಟಿನ ನಿರಾಶ್ರಿತರ ವಿಷಯದಲ್ಲಿ. 1959ರ ಮಾರ್ಚ್ ತಿಂಗಳಿನಲ್ಲಿ ದಲೈ ಲಾಮಾ ಅವರು ಭಾರತದ ಗಡಿ ದಾಟಿದರು. ಅವರ ಹಿಂದೆ ಸಾವಿರಾರು ಕುಟುಂಬಗಳು ಬಂದವು. ಅನೇಕರು ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ಕಲ್ಲೊಡೆದು ಜೀವ ಹಿಡಿದರು. ಪ್ರಧಾನಿ ನೆಹರೂ ಅವರು ಭೂಮಿಗಾಗಿ ರಾಜ್ಯಗಳನ್ನು ಕೇಳಿದಾಗ ಉದಾರವಾಗಿ ಮುಂದೆ ಬಂದುದು ಅಂದಿನ ಮೈಸೂರು ರಾಜ್ಯ.

1960ರ ಕೊನೆಯಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಮೊದಲ ತಂಡ ಬಂದಿತು. ಆಗ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಗಳು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಎರಡನೆಯ ದೊಡ್ಡ ನೆಲೆ ಆರಂಭವಾದಾಗ ಆ ಸ್ಥಾನದಲ್ಲಿದ್ದವರು ಎಸ್. ನಿಜಲಿಂಗಪ್ಪನವರು. ಮುಂದೆ ಹುಣಸೂರು ಮತ್ತು ಕೊಳ್ಳೇಗಾಲದ ಭಾಗಗಳಲ್ಲಿಯೂ ಇಂತಹ ನೆಲೆಗಳು ಹುಟ್ಟಿದವು. 2018ರ ಆಗಸ್ಟ್ 10ರಂದು ಬೆಂಗಳೂರಿನಲ್ಲಿ ಟಿಬೆಟಿಯನ್ನರು ಕರ್ನಾಟಕಕ್ಕೆ ಕೃತಜ್ಞತೆ ಸಲ್ಲಿಸಿದ ಸಮಾರಂಭದಲ್ಲಿ ದಲೈ ಲಾಮಾ ಅವರು ನಿಜಲಿಂಗಪ್ಪನವರನ್ನು ಆದರದಿಂದ ಸ್ಮರಿಸಿದರು. ಜತ್ತಿ, ನಿಜಲಿಂಗಪ್ಪ ಇಬ್ಬರೂ ಶರಣ ಸಂಸ್ಕೃತಿಯ ಮನೆಗಳಲ್ಲಿ ಬೆಳೆದವರು. ಇದು ನಮಗೆ ಹೆಮ್ಮೆಯ ಸಂಗತಿ. ಅದಕ್ಕಿಂತ ಹೆಚ್ಚಾಗಿ ಹೊಣೆಯ ಸಂಗತಿ.

ಬೈಲಕುಪ್ಪೆಯಲ್ಲಿ ಕೊಟ್ಟುದು ಸುಮಾರು 3000 ಎಕರೆ. ಅದೂ ಉಳುವ ಹೊಲವಲ್ಲ, ಕಾಡು. ಮರ ಕಡಿದು, ಬೇರು ಕಿತ್ತು, ಆನೆಗಳ ಕಾಟವನ್ನು ಸಹಿಸಿ, ಹಿಮದ ನಾಡಿನವರು ನಮ್ಮ ಬೇಸಿಗೆಯಲ್ಲಿ ಬೆವರು ಹರಿಸಿದರು. ರೋಗಕ್ಕೂ ಸೆಕೆಗೂ ಬಲಿಯಾದವರುಂಟು. ಕ್ರಮೇಣ ಮುಸುಕಿನ ಜೋಳ ಬೆಳೆಯಿತು. ಸಹಕಾರ ಸಂಘ ಹುಟ್ಟಿತು. ರತ್ನಗಂಬಳಿಯ ನೇಯ್ಗೆ ನಡೆಯಿತು. ಮಳೆಯನ್ನೇ ನಂಬಿದ ಬೇಸಾಯ ಸಾಲದೆ ಹೋದಾಗ ಇನ್ನೊಂದು ದಾರಿಯನ್ನು ಕಂಡುಕೊಂಡರು. ಲೂಧಿಯಾನದ ವರ್ತಕರಿಂದ ಉಣ್ಣೆಯ ಉಡುಪುಗಳನ್ನು ಕಡ ತಂದು, ಚಳಿಗಾಲದಲ್ಲಿ ಊರೂರಿನ ಬೀದಿಬದಿಯಲ್ಲಿ ಮಾರಿ, ಋತು ಮುಗಿದ ಮೇಲೆ ಸಾಲ ತೀರಿಸುವುದು. ಕೊಟ್ಟ ಮಾತಿಗೆ ತಪ್ಪದಿರುವುದೇ ಈ ವ್ಯಾಪಾರದ ಮೂಲಧನ. ನಮ್ಮ ಅನೇಕ ಮನೆಗಳ ಮಕ್ಕಳು ತೊಟ್ಟ ಸ್ವೆಟರುಗಳು ಇವರ ಕೈಯಿಂದ ಬಂದವು.

ಗುದ್ದಲಿ ಹಿಡಿದ ಸನ್ಯಾಸಿಗಳು

ಮಠದ ನೆರಳಿನಲ್ಲಿ ಬೆಳೆದ ನಮ್ಮಂತಹವರಿಗೆ ಅತ್ಯಂತ ಆಳವಾಗಿ ತಟ್ಟುವ ಸಂಗತಿ ಮತ್ತೊಂದಿದೆ. ಟಿಬೆಟಿನ ಮಹಾವಿಹಾರಗಳ ಭಿಕ್ಷುಗಳು ಬಂಗಾಳದ ಬಕ್ಸಾ ಶಿಬಿರದಲ್ಲಿ ಸುಮಾರು ಹತ್ತು ವರ್ಷ ಕಳೆದು, 1970ರ ಸುಮಾರಿಗೆ ಕರ್ನಾಟಕಕ್ಕೆ ಬಂದರು. ಸೆರಾ ವಿಹಾರ ಬೈಲಕುಪ್ಪೆಯಲ್ಲಿ, ದ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳು ಮುಂಡಗೋಡಿನಲ್ಲಿ ಮರುಹುಟ್ಟು ಪಡೆದವು. ಬೌದ್ಧ ವಿನಯದ ಪ್ರಕಾರ ಭಿಕ್ಷುವು ನೆಲವನ್ನು ಅಗೆಯುವಂತಿಲ್ಲ. ಆದರೆ ಆ ಕಷ್ಟಕಾಲದಲ್ಲಿ ಶಾಸ್ತ್ರಪಾರಂಗತರಾದ ಭಿಕ್ಷುಗಳೂ ಗುದ್ದಲಿ ಹಿಡಿದರು. ಹಗಲು ಹೊಲದಲ್ಲಿ ದುಡಿದು ಸಂಜೆ ತರ್ಕಶಾಸ್ತ್ರದ ವಾದಕ್ಕೆ ಕುಳಿತರು. ಕಾಯಕವೆಂಬ ನಮ್ಮ ಪದ ಅವರಿಗೆ ತಿಳಿದಿರಲಿಲ್ಲ. ಅದರ ಅರ್ಥ ತಿಳಿದಿತ್ತು. ದುಡಿಮೆಯು ಜ್ಞಾನಕ್ಕೆ ಅಡ್ಡಿಯೆಂದು ಭಾವಿಸುವ ನಮ್ಮ ವಿದ್ಯಾರ್ಥಿಗಳು ಈ ಮಾತನ್ನು ಗಮನಿಸಬೇಕು.

ಬೆಸೆದುದೆಷ್ಟು, ಉಳಿದುದೆಷ್ಟು

“ನಮ್ಮ ತಾಲ್ಲೂಕಿನಲ್ಲೇ ಭೂಹೀನರಿರುವಾಗ ಹೊರಗಿನವರಿಗೇಕೆ ಭೂಮಿ?” ಎಂಬ ಪ್ರಶ್ನೆ ಸಹಜವಾದುದು. ಅದನ್ನು ಕೇಳಿದವರನ್ನು ಹೃದಯಹೀನರೆಂದು ಜರೆಯಲಾಗದು. ಅದಕ್ಕೆ ಉತ್ತರ ಕಾಲಕ್ರಮದಲ್ಲಿ ದೊರೆಯಿತು. ವಿಹಾರಗಳ ಕಟ್ಟಡ ಕೆಲಸದಲ್ಲಿ, ಹೊಲಗಳಲ್ಲಿ ಸುತ್ತಲಿನ ಹಳ್ಳಿಯವರಿಗೆ ಕೂಲಿ ದೊರೆಯಿತು. ಬೈಲಕುಪ್ಪೆಯ ಸುವರ್ಣ ದೇಗುಲವನ್ನು ನೋಡಬರುವ ಯಾತ್ರಿಕರಿಂದ ಕುಶಾಲನಗರದ ಆಟೋ ಚಾಲಕರಿಗೂ ಅಂಗಡಿಯವರಿಗೂ ವ್ಯಾಪಾರವಾಯಿತು. ಬಂದವರು ಅನ್ನವನ್ನು ಕಸಿಯಲಿಲ್ಲ. ಅನ್ನದ ದಾರಿಗಳನ್ನು ಹೆಚ್ಚಿಸಿದರು.

ಆದರೂ ಎಲ್ಲವೂ ಸುಖಾಂತ್ಯವಾಯಿತೆನ್ನುವಂತಿಲ್ಲ. ಅವರು ಉಳುವ ಭೂಮಿ ಅವರ ಸ್ವಂತದ್ದಲ್ಲ. ಇಲ್ಲಿಯೇ ಹುಟ್ಟಿದವರಲ್ಲಿಯೂ ಬಹುಮಂದಿ ವಿದೇಶೀಯರ ನೋಂದಣಿ ಪತ್ರವನ್ನು ನವೀಕರಿಸುತ್ತಲೇ ಬಾಳಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಪೌರರೆಂಬ ಕಾನೂನು ಇವರಿಗೂ ಅನ್ವಯಿಸುತ್ತದೆಂದು 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಹೇಳಿದವು. 2014ರ ಕೇಂದ್ರ ಪುನರ್ವಸತಿ ನೀತಿಯು ಭೂಮಿಯ ಗುತ್ತಿಗೆ ಪತ್ರ, ಪಡಿತರ, ಉದ್ಯೋಗ ಖಾತರಿ ಮುಂತಾದ ಸೌಲಭ್ಯಗಳ ದಾರಿ ತೆರೆಯಿತು. ಆದರೆ ಪೌರತ್ವ ಪಡೆದರೆ ಟಿಬೆಟನ್ನೇ ಮರೆತಂತಾದೀತೆಂಬ ಅಳುಕು ಅವರಲ್ಲಿ ಹಲವರದು. ತರುಣರು ಹೊರದೇಶಗಳಿಗೆ ಹೋಗುತ್ತಿದ್ದಾರೆ. ಹಿರಿಯರು ಕಟ್ಟಿದ ಮನೆಗಳಲ್ಲಿ ವೃದ್ಧರು ಮಾತ್ರ ಉಳಿಯುವ ಚಿಂತೆ ಕವಿದಿದೆ.

ಇದರಲ್ಲಿ ನಮ್ಮ ಪಾಲೂ ಇಲ್ಲದಿಲ್ಲ. ನೆಲ ಕೊಟ್ಟ ನಾಡು ಮನೆಯ ಬಾಗಿಲನ್ನು ಅಷ್ಟೇ ಅಗಲವಾಗಿ ತೆರೆಯಿತೇ? ಅವರು ಸಂತೆಯಲ್ಲಿ ಕನ್ನಡ ಕಲಿತರು. ಅವರ ಹಬ್ಬದ ಹೆಸರನ್ನಾದರೂ ಕಲಿತವರು ನಮ್ಮಲ್ಲಿ ಎಷ್ಟು ಮಂದಿ?

ಇಂದು ನಮ್ಮ ಬಾಗಿಲಿಗೆ ಬಂದವರು

ಈಗ ಹೊಸ ವಲಸಿಗರು ಬಂದಿದ್ದಾರೆ. ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಅಸ್ಸಾಮಿನವರು, ನಗರಗಳ ಕಟ್ಟಡ ಕೆಲಸದಲ್ಲಿ ಒಡಿಶಾ, ಬಿಹಾರ, ಜಾರ್ಖಂಡಿನವರು ದುಡಿಯುತ್ತಿದ್ದಾರೆ. ಇವರು ಈ ದೇಶದ ಪೌರರೇ. ಆದರೂ ಭಾಷೆ ಬಾರದವರೆಂದು ಕೂಲಿಯಲ್ಲಿ ವಂಚನೆ, ಮನೆ ಬಾಡಿಗೆಗೆ ಕೊಡಲು ಅನುಮಾನ. ಹೀಗೆ ಅನುಮಾನಿಸುವಾಗ ಗುಳೆ ಹೋದ ನಮ್ಮವರನ್ನೂ ನೆನೆಯಬೇಕು. ವಿಜಯಪುರ, ಕಲಬುರಗಿ, ರಾಯಚೂರಿನ ಕಡೆಯವರು ಗೋವೆಗೂ ಮುಂಬಯಿಗೂ ದುಡಿಯಲು ಹೋದಾಗ ಅಲ್ಲಿ ಅವರೂ ಹೊರಗಿನವರೇ. 2017ರಲ್ಲಿ ಗೋವೆಯ ಬೈನಾದಲ್ಲಿ ಕನ್ನಡಿಗರ ಮನೆಗಳನ್ನು ಕೆಡವಿದಾಗ ನಾವು ನೊಂದುಕೊಂಡೆವು. ಆ ನೋವು ನಮ್ಮ ಊರಿನ ಪರದೇಶಿಯ ಮೇಲೂ ಕರುಣೆಯಾಗಿ ಹರಿಯದಿದ್ದರೆ ಅದು ಸ್ವಜನಮೋಹ ಮಾತ್ರ.

ಮಾಡಬೇಕಾದುದು ದೊಡ್ಡದೇನಲ್ಲ. ಹೊತ್ತಿಗೆ ಸರಿಯಾಗಿ ಪೂರ್ಣ ಕೂಲಿ ಕೊಡುವುದು ಮೊದಲನೆಯ ಧರ್ಮ. ಬೇರೆ ರಾಜ್ಯದ ಪಡಿತರ ಚೀಟಿಯಿಂದಲೂ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದೆಂಬುದನ್ನು ಅವರಿಗೆ ತಿಳಿಸಬೇಕು. ವಯಸ್ಸಿನ ದಾಖಲೆಯಾಗಲಿ ವರ್ಗಾವಣೆ ಪತ್ರವಾಗಲಿ ಇಲ್ಲವೆಂದು ಮಗುವಿಗೆ ಶಾಲೆಯ ಪ್ರವೇಶ ನಿರಾಕರಿಸುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ಹೇಳುತ್ತದೆ. ಓದು ಬಲ್ಲ ನಮ್ಮ ಗೃಹಿಣಿಯರು ಒಂದು ಮಗುವಿನ ಕೈಹಿಡಿದು ಶಾಲೆಗೆ ಸೇರಿಸಿದರೆ ಅದೇ ಶಿವಪೂಜೆ. ಜಾತಿಯನ್ನು ಕೇಳದೆ ಅನ್ನ, ಅಕ್ಷರ ನೀಡುವ ತುಮಕೂರಿನ ಸಿದ್ಧಗಂಗೆಯ ಮಾದರಿ ನಮ್ಮ ಕಣ್ಣೆದುರಿಗಿದೆ. ಪ್ರತಿ ಊರಿನ ಬಸವ ಬಳಗವು ವಾರಕ್ಕೆ ಎರಡು ಸಂಜೆ ಕನ್ನಡ ಕಲಿಸುವ ಪಾಠ ನಡೆಸಬಹುದು. ಭಾಷೆ ಕಲಿತವನು ಮೋಸ ಹೋಗುವುದಿಲ್ಲ. ನಾಡನ್ನು ಪ್ರೀತಿಸಲೂ ಕಲಿಯುತ್ತಾನೆ.

ಕಟ್ಟಿಗೆಯ ಹೊರೆ ಹೊತ್ತು ಬಂದ ಪರದೇಶಿಯಲ್ಲಿ ಶರಣನನ್ನು ಗುರುತಿಸಿದುದರಿಂದಲೇ ಕಲ್ಯಾಣವು ಕಲ್ಯಾಣವಾಯಿತು. ಇಂದು ನಮ್ಮ ಬೀದಿಯಲ್ಲಿ ಇಟ್ಟಿಗೆಯ ಹೊರೆ ಹೊತ್ತವನನ್ನು ನಾವು ಯಾವ ಕಣ್ಣಿನಿಂದ ನೋಡುತ್ತೇವೆ? ಪ್ರತಿದಿನ ಲಿಂಗಪೂಜೆಗೆ ಕುಳಿತಾಗ ಈ ಪ್ರಶ್ನೆಯನ್ನು ನಮ್ಮ ಅಂತರಂಗಕ್ಕೆ ಕೇಳಿಕೊಳ್ಳೋಣ.