ಕೃಷ್ಣದೇವರಾಯರಿಗೆ ಕಿರೀಟವಲ್ಲ, ಕುಲಾವಿ

ಸನ್ನಿವೇಲ್: ಇಲ್ಲಿನ ಕನ್ನಡದ ಮಕ್ಕಳಿಗೆ ಅಕ್ಟೋಬರ್ ಕೊನೆಯ ವಾರವೆಂದರೆ ಎರಡೆರಡು ವೇಷಗಳ ಕಾಲ. 31ರ ಸಂಜೆ ಹ್ಯಾಲೊವೀನ್. ಸ್ಪೈಡರ್‌ಮ್ಯಾನ್, ಮಾಟಗಾತಿ, ಅಸ್ಥಿಪಂಜರಗಳಾಗಿ ಮನೆಮನೆ ತಿರುಗಿ ಚಾಕೊಲೇಟ್ ಕೂಡಿಸುತ್ತಾರೆ. ಬೆಳಗಾದರೆ ನವೆಂಬರ್ 1. ಆ ತಿಂಗಳ ಶನಿವಾರ, ಭಾನುವಾರಗಳಲ್ಲಿ ರಾಜ್ಯೋತ್ಸವದ ಸಮಾರಂಭ. ಅವೇ ಮಕ್ಕಳು ಕಿತ್ತೂರು ಚೆನ್ನಮ್ಮ, ಕೃಷ್ಣದೇವರಾಯ, ಪುರಂದರದಾಸರಾಗಿ ವೇದಿಕೆ ಹತ್ತಬೇಕು. ಹ್ಯಾಲೊವೀನ್ ಮುಗಿಯುತ್ತಿದ್ದಂತೆ ಅಂಗಡಿಗಳಲ್ಲಿ ಉಳಿದ ಮಾಲು ಅರ್ಧ ಬೆಲೆಗೆ ಇಳಿಯುತ್ತದೆ. ನಮ್ಮ ರಾಜರ ಎಷ್ಟೋ ಕಿರೀಟ, ಕತ್ತಿ, ಸೊಂಟಪಟ್ಟಿಗಳು ಬರುವುದು ಆ ರಾಶಿಯಿಂದಲೇ.

ಆ ಕಿರೀಟವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಸುತ್ತಲೂ ಲಿಲ್ಲಿ ಹೂವಿನಂಥ ಮೊನೆಗಳು, ಒಳಗೆ ಕೆಂಪು ಮಖಮಲ್ಲು, ಕೆಲವದರ ನೆತ್ತಿಯ ಮೇಲೆ ಪುಟ್ಟದೊಂದು ಶಿಲುಬೆ. ಯುರೋಪಿನ ರಾಜರ ಕಿರೀಟದ ಪ್ಲಾಸ್ಟಿಕ್ ನಕಲು ಅದು. ಅದನ್ನಿಟ್ಟುಕೊಂಡು ನಮ್ಮ ಹುಡುಗ ‘ನಾನು ವಿಜಯನಗರದ ಅರಸ’ ಎನ್ನುತ್ತಾನೆ. ಚಪ್ಪಾಳೆಯೂ ಬೀಳುತ್ತದೆ.

ನನ್ನದು ಲೆಕ್ಕಪರಿಶೋಧನೆಯ ವೃತ್ತಿ. ಮಕ್ಕಳ ನಾಟಕಗಳ ಸಾಮಾನು ಖರೀದಿಯ ಲೆಕ್ಕವೂ ಕೆಲವು ವರ್ಷಗಳಿಂದ ನನ್ನ ತಲೆಗೇ ಬಂದಿದೆ. ವೋಚರ್ ಇಲ್ಲದ ಖರ್ಚನ್ನು ಒಪ್ಪಿ ಅಭ್ಯಾಸವಿಲ್ಲ. ಹಾಗಾಗಿ ಪಟ್ಟಿಯಲ್ಲಿ ‘ಕಿರೀಟ–1’ ಎಂದು ಕಂಡರೆ ಬೆಲೆಯ ಜೊತೆಗೆ ಆಧಾರವನ್ನೂ ಕೇಳುತ್ತೇನೆ. ಕೃಷ್ಣದೇವರಾಯರ ಮಟ್ಟಿಗೆ ಆಧಾರಕ್ಕೆ ಕೊರತೆಯೇ ಇಲ್ಲ. ಅವರನ್ನು ಕಣ್ಣಾರೆ ಕಂಡು ಬರೆದಿಟ್ಟವರಿದ್ದಾರೆ.

ಪೋರ್ಚುಗಲ್ಲಿನ ಡೊಮಿಂಗೊ ಪಾಯಸ್ 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ. ಅವನ ಬರಹದ ಇಂಗ್ಲಿಷ್ ಅನುವಾದ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿದೆ. ಅವನು ಕಂಡಂತೆ ರಾಯರ ಉಡುಪು ಬಿಳಿಯದು, ಅದರ ಮೇಲೆ ಚಿನ್ನದ ಗುಲಾಬಿಗಳ ಕಸೂತಿ. ಕೊರಳಲ್ಲಿ ಬೆಲೆಬಾಳುವ ವಜ್ರದ ಆಭರಣ. ತಲೆಯ ಮೇಲೆ ಜರತಾರಿಯ ಟೋಪಿ, ಅದಕ್ಕೆ ತೆಳು ರೇಷ್ಮೆಯ ಹೊದಿಕೆ. ಕಾಲು ಬರಿಗಾಲು. ಅರಸನ ಸನ್ನಿಧಿಗೆ ಬರುವವರು ಯಾರೂ ಪಾದರಕ್ಷೆ ಮೆಟ್ಟುವಂತಿರಲಿಲ್ಲವಂತೆ. ಜರಿಯ ಮೋಜಡಿಗಾಗಿ ಅಂಗಡಿ ಅಂಗಡಿ ಸುತ್ತುವ ತಂದೆತಾಯಿಯರಿಗೆ ಈ ಸಾಲು ಓದಿ ಹೇಳಿದಾಗ ಲೆಕ್ಕಪತ್ರದಲ್ಲಿ ಒಂದು ಬಾಬತ್ತೇ ಕಡಿಮೆಯಾಯಿತು. ಆದರೆ ನೆಲ ತಣ್ಣಗಿದೆಯೆಂದು ಒಬ್ಬ ತಾಯಿ ಚಕ್ರವರ್ತಿಗೆ ಬಿಳಿ ಸಾಕ್ಸ್ ಹಾಕಿಯೇ ಕಳುಹಿಸಿದರು. ಅದಕ್ಕೆ ನಾನು ತಕರಾರು ತೆಗೆಯಲಿಲ್ಲ.

ಪಾಯಸನ ಮಾತಿಗೆ ನಮ್ಮ ಕಡೆಯ ಸಾಕ್ಷಿಯೂ ಇದೆ. ತಿರುಪತಿ ಬೆಟ್ಟಕ್ಕೆ ಹೋದವರು ದೇವಸ್ಥಾನದ ಮಹಾದ್ವಾರದ ಒಳಗಿನ ಮಂಟಪದಲ್ಲಿ ಕೃಷ್ಣದೇವರಾಯ, ತಿರುಮಲದೇವಿ, ಚಿನ್ನಾದೇವಿಯರ ಲೋಹದ ಪ್ರತಿಮೆಗಳನ್ನು ದಾಟಿಯೇ ಹೋಗಿರುತ್ತೀರಿ. ಕ್ಯೂ ಮುಂದಕ್ಕೆ ತಳ್ಳುವ ಗಡಿಬಿಡಿಯಲ್ಲಿ ನೋಡಿರಲಿಕ್ಕಿಲ್ಲ, ಅಷ್ಟೆ. ಕೈಮುಗಿದು ನಿಂತ ರಾಯರ ಮೈಮೇಲೆ ಅಂಗಿಯಿಲ್ಲ. ತಲೆಯ ಮೇಲೆ ಮಾತ್ರ ಎತ್ತರದ ಟೋಪಿ ಇದೆ. ಹಿಂದೂಪುರದ ಹತ್ತಿರದ ಲೇಪಾಕ್ಷಿಯ ವೀರಭದ್ರ ದೇವಾಲಯದ ಛಾವಣಿಯಲ್ಲೂ ಅಂಥದೇ ಟೋಪಿಗಳು. ಅಲ್ಲಿ ಚಿತ್ರಿತರಾದ ವಿರೂಪಣ್ಣ, ವೀರಣ್ಣ ಸಹೋದರರು ಅಚ್ಯುತರಾಯನ ಕಾಲದ ಅಧಿಕಾರಿಗಳು.

ಆ ಟೋಪಿಯ ಹೆಸರು ಕುಲ್ಲಾಯಿ. ಪರ್ಷಿಯನ್ ಭಾಷೆಯ ‘ಕುಲಾಹ್’ ಇಲ್ಲಿಗೆ ಬಂದು ಕುಲ್ಲಾಯಿಯಾಯಿತು, ಕುಲಾವಿಯೂ ಆಯಿತು. ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎನ್ನುತ್ತೇವಲ್ಲ, ಅದೇ ಕುಲಾವಿ. ಒಂದು ಕಾಲಕ್ಕೆ ಸಾಮ್ರಾಟರ ತಲೆಯ ಮೇಲಿದ್ದ ಪದ ಈಗ ತೊಟ್ಟಿಲ ಕೂಸಿನ ತಲೆಗೆ ಇಳಿದಿದೆ. ಜೊತೆಗೆ ತೊಡುತ್ತಿದ್ದ ಉದ್ದ ಅಂಗಿಗೆ ಕಬಾಯಿ ಎಂಬ ಹೆಸರು. ಅದರ ಮೂಲ ಅರಬ್ಬಿಯ ‘ಕಬಾ’.

ಇದನ್ನು ಹೇಳಿದಾಗ ಎಲ್ಲರೂ ಮೆಚ್ಚಿಕೊಂಡರು ಎಂದೇನಿಲ್ಲ. ನಮ್ಮ ರಾಯನಿಗೆ ಪರ್ಷಿಯಾದ ಟೋಪಿ ಯಾಕೆ ಎಂದು ಹಿರಿಯರೊಬ್ಬರು ಗಟ್ಟಿಯಾಗಿಯೇ ಕೇಳಿದರು. ಅವರ ಪ್ರಶ್ನೆಯಲ್ಲಿ ಹುರುಳಿಲ್ಲ ಎನ್ನಲಾರೆ. ಪೌರಾಣಿಕ ನಾಟಕ ನೋಡಿ ಬೆಳೆದ ನಮಗೆಲ್ಲ ರಾಜನೆಂದರೆ ಕಿರೀಟವೇ. ರಾಮನಿಗೂ ದುರ್ಯೋಧನನಿಗೂ ರಾಯನಿಗೂ ಬಾಡಿಗೆ ಅಂಗಡಿಯ ಪೆಟ್ಟಿಗೆ ಒಂದೇ. ಆದರೆ ವಿಜಯನಗರದ ಬಂದರುಗಳಿಗೆ ಅರೇಬಿಯಾದ ಕುದುರೆ ಬರುತ್ತಿತ್ತು, ಆಸ್ಥಾನಕ್ಕೆ ದೂರದೇಶದ ರಾಯಭಾರಿಗಳು ಬರುತ್ತಿದ್ದರು. 1443ರಲ್ಲಿ ಪರ್ಷಿಯಾದ ಅಬ್ದುರ್ ರಜಾಕ್ ಇಮ್ಮಡಿ ದೇವರಾಯನನ್ನು ಕಂಡಾಗ ಅರಸನ ಮೈಮೇಲೆ ಸ್ಯಾಟಿನ್ ಉಡುಪು, ಕೊರಳಲ್ಲಿ ಮುತ್ತಿನ ಹಾರವಿತ್ತು. ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರಲ್ಲಿ ಈ ಟೋಪಿ, ಕಬಾಯಿಗಳ ಮೇಲೆಯೇ ಒಂದು ದೊಡ್ಡ ಲೇಖನ ಬರೆದಿದ್ದಾರೆ. ಧರ್ಮ ಬೇರೆಯಾದರೂ ರಾಜಸಭೆಯ ಉಡುಪಿನಲ್ಲಿ ಅಂದಿನ ದೊಡ್ಡ ಜಗತ್ತಿನ ಜೊತೆ ಸರಿಸಮ ನಿಲ್ಲುವುದು ವಿಜಯನಗರದ ಅರಸರ ಕ್ರಮವಾಗಿತ್ತು ಎಂಬುದು ಅದರ ತಾತ್ಪರ್ಯ. ಸೋಮವಾರ ಕೋಟು ಹಾಕಿ ಆಫೀಸಿಗೆ, ಶುಕ್ರವಾರ ಪಂಚೆಯುಟ್ಟು ದೇವಸ್ಥಾನಕ್ಕೆ ಹೋಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿರಿಯರು ಪೂರ್ತಿ ಒಪ್ಪಲಿಲ್ಲ. ಹಾಳೆಯಲ್ಲಿ ಲೇಪಾಕ್ಷಿಯ ಚಿತ್ರ ಕೊಟ್ಟಾಗ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

ಕುಲ್ಲಾಯಿ ಮಾಡುವುದು ಕಷ್ಟವೇನಲ್ಲ. ದಪ್ಪ ಕಾಗದವನ್ನು ಸುತ್ತಿ, ಮೇಲೆ ಹೋದಂತೆ ಕಿರಿದು ಮಾಡಿ, ತುದಿಯನ್ನು ದುಂಡಗಾಗಿಸಿ, ಹಳೆಯ ಜರಿ ಬ್ಲೌಸ್ ಪೀಸ್ ಅಂಟಿಸಿದರೆ ಮುಗಿಯಿತು. ತುದಿ ಚೂಪಾದರೆ ಮಾತ್ರ ಹುಟ್ಟುಹಬ್ಬದ ಟೋಪಿಯಾಗುತ್ತದೆ, ಮಕ್ಕಳು ನಗುತ್ತಾರೆ. ಹುಡುಗಿಯರಿಗೂ ಇದು ಸಲ್ಲುತ್ತದೆ: ಮಹಾನವಮಿಯ ದಿನ ಅರಮನೆಯ ಸ್ತ್ರೀಯರು ಎತ್ತರದ ಟೋಪಿಗಳಿಗೆ ದೊಡ್ಡ ಮುತ್ತುಗಳ ಹೂ ಸಿಕ್ಕಿಸಿಕೊಂಡಿದ್ದನ್ನು ಪಾಯಸ್ ವರ್ಣಿಸಿದ್ದಾನೆ.

ಹುಡುಗಿಯರ ವಿಷಯ ಬಂದರೆ ತೊಡಕು ಬೇರೆ. ಈ ಊರಿನಲ್ಲಿ ಭರತನಾಟ್ಯ ಕಲಿಯುವ ಹುಡುಗಿಯಿರುವ ಮನೆಗೆ ಲೆಕ್ಕವಿಲ್ಲ. ಡಾಬು, ವಂಕಿ, ಬೈತಲೆಬೊಟ್ಟು, ತಲೆಯ ಸೂರ್ಯ–ಚಂದ್ರ ಎಲ್ಲ ಒಂದೇ ಡಬ್ಬಿಯಲ್ಲಿ ಸಿದ್ಧ. ಇದ್ದದ್ದನ್ನು ತೊಡಿಸಿದರಾಯಿತೆಂದು ಚೆನ್ನಮ್ಮನಿಗೂ ಅದೇ, ಶಾಂತಲೆಗೂ ಅದೇ, ಒನಕೆ ಓಬವ್ವನಿಗೂ ಅದೇ. ಶಾಂತಲೆಗೆ ನಡೆದೀತು. ಓಬವ್ವನಿಗೆ?

ಓಬವ್ವ ಚಿತ್ರದುರ್ಗದ ಕೋಟೆಯ ಕಾವಲುಗಾರನ ಹೆಂಡತಿ. ಗಂಡ ಊಟಕ್ಕೆ ಬಂದಿದ್ದಾಗ ನೀರು ತರಲು ಹೋದವಳು ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಕಂಡಳು. ಕೈಗೆ ಸಿಕ್ಕಿದ್ದು ಮನೆಯ ಒನಕೆ. ಕಥೆಯ ಬೆಲೆಯೆಲ್ಲ ಅಲ್ಲಿದೆ. 1972ರ ‘ನಾಗರಹಾವು’ ಚಿತ್ರದ ಜಯಂತಿಯವರ ಓಬವ್ವನನ್ನು ಮೊಬೈಲಿನಲ್ಲಿ ತೋರಿಸಿಯೇ ಇಲ್ಲಿ ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಾರೆ. ಒಂದು ವರ್ಷ ಆ ಪಾತ್ರ ಮಾಡಿದ ಏಳು ವರ್ಷದ ಹುಡುಗಿ, ಡಾಬು ಬಿಚ್ಚಿಸಿಕೊಳ್ಳುತ್ತಾ ಕೇಳಿದಳು: ‘ಅಂಕಲ್, ಓಬವ್ವ ಯಾವ ಪ್ಯಾಲೇಸ್‌ನಲ್ಲಿ ಇದ್ದಳು?’ ಮೂರು ನಿಮಿಷದ ಅಭಿನಯವನ್ನು ಅವಳು ಚೆನ್ನಾಗಿಯೇ ಮಾಡಿದ್ದಳು, ಮಾತು ಒಂದೂ ತಪ್ಪಿರಲಿಲ್ಲ. ಆದರೆ ಅವಳಿಗೆ ಗೊತ್ತಿದ್ದ ಓಬವ್ವ ಒಬ್ಬ ರಾಣಿ. ನಾವು ಹೇಳಿಕೊಟ್ಟ ಮಾತಿಗಿಂತ ಮೈಮೇಲೆ ಹೇರಿದ ಒಡವೆಯನ್ನು ಮಗು ಹೆಚ್ಚು ನಂಬಿತ್ತು. ಊರಿನಲ್ಲಿ ಬೆಳೆಯುವ ಮಗುವಿಗೆ ಶಾಲೆಯ ಪಾಠವಿದೆ, ದುರ್ಗಕ್ಕೊಂದು ಪ್ರವಾಸವಿದೆ. ಇಲ್ಲಿನ ಮಗುವಿಗೆ ಓಬವ್ವ ಸಿಗುವುದು ವರ್ಷಕ್ಕೊಮ್ಮೆ, ಈ ವೇಷದಲ್ಲಿ. ಮುಂದಿನ ವರ್ಷದ ಓಬವ್ವನಿಗೆ ನೂಲಿನ ಸೀರೆಯ ಕಚ್ಚೆ, ಕೈತುಂಬ ಗಾಜಿನ ಬಳೆ, ಕೊರಳಿಗೆ ಕರಿಮಣಿ. ಅಷ್ಟೇ.

ಕೆಲವೆಡೆ ನಿಖರತೆಗಿಂತ ಗೌರವ ದೊಡ್ಡದು. ಚೆನ್ನಮ್ಮನಿಗೆ, ಬಸವಣ್ಣನವರಿಗೆ ಇಷ್ಟಲಿಂಗ ಬೇಕೆಂದು ಪ್ಲಾಸ್ಟಿಕ್ ಮಣಿಯೊಂದನ್ನು ದಾರಕ್ಕೆ ಪೋಣಿಸಿ ಕಟ್ಟುವುದನ್ನು ಕಂಡಿದ್ದೇನೆ. ಲಿಂಗಧಾರಣೆ ಮಾಡಿದ ಗೆಳೆಯರೊಬ್ಬರು, ಅದು ಒಡವೆಯಲ್ಲ, ನಾಟಕದ ಸಾಮಾನೂ ಅಲ್ಲ, ಹಣೆಯ ವಿಭೂತಿ ಸಾಕು ಎಂದರು. ಅಂದಿನಿಂದ ಪಟ್ಟಿಯಲ್ಲಿ ವಿಭೂತಿ ಮಾತ್ರ.

ಹಾಗಾದರೆ ಎಲ್ಲಿಯವರೆಗೆ ಹಟ ಹಿಡಿಯಬೇಕು? ಇದಕ್ಕೆ ಉತ್ತರ ನೆರೆಯಲ್ಲೇ ಸಿಕ್ಕಿತು. ಸನ್ನಿವೇಲಿನಿಂದ ಸುಮಾರು ಒಂದು ಗಂಟೆ ದೂರದ ಬರ್ಕಲಿಯಲ್ಲಿ 1966ರ ಮೇ ತಿಂಗಳಲ್ಲಿ ಕೆಲವು ಗೆಳೆಯರು ಹಿತ್ತಲಿನಲ್ಲಿ ಮಧ್ಯಯುಗದ ವೇಷ ಹಾಕಿ ಸೇರಿದರು. ಅದು ಬೆಳೆದು ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಎಂಬ ಸಂಸ್ಥೆಯಾಗಿ ಹಲವು ದೇಶಗಳಲ್ಲಿ ಹರಡಿದೆ. ಅಲ್ಲಿ ಭಾಗವಹಿಸುವವರಿಗೆ ಉಡುಪಿನ ನಿಯಮ ಇಷ್ಟೇ: 17ನೇ ಶತಮಾನಕ್ಕೆ ಹಿಂದಿನ ಉಡುಪಿನ ಒಂದು ಪ್ರಯತ್ನ ಕಾಣಬೇಕು. ಪ್ರಯತ್ನ ಎಂಬ ಪದ ನನಗೆ ಹಿಡಿಸಿತು. ಇಂಥ ವೇಷಗಳ ಹವ್ಯಾಸಿಗಳಲ್ಲಿ ಹತ್ತು ಅಡಿಯ ಮಾತೂ ಚಾಲ್ತಿಯಲ್ಲಿದೆ. ಹತ್ತು ಅಡಿ ದೂರದಿಂದ ಸರಿಯಾಗಿ ಕಂಡರೆ ಸಾಕು. ಸೇಫ್ಟಿ ಪಿನ್ನಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1849ರಲ್ಲಿ. ಚೆನ್ನಮ್ಮ ತೀರಿಕೊಂಡು ಆಗಲೇ 20 ವರ್ಷವಾಗಿತ್ತು. ಆದರೂ ಪಿನ್ ಇಲ್ಲದೆ ಎಂಟು ವರ್ಷದ ಮಗುವಿನ ಸೆರಗು ನಿಲ್ಲುವುದಿಲ್ಲ. ಒಳಗೆ ಚುಚ್ಚಿ, ಯಾರಿಗೂ ಕಾಣುವುದಿಲ್ಲ. ದೃಷ್ಟಿಯ ಕನ್ನಡಕವನ್ನು ಮಗುವಿನ ಮುಖದಿಂದ ತೆಗೆಯಲೇಬೇಡಿ. ತಂಬೂರಿ ಹಿಡಿದ ಪುರಂದರದಾಸರ ಮಣಿಕಟ್ಟಿನ ಸ್ಮಾರ್ಟ್‌ವಾಚನ್ನು ಮಾತ್ರ ಬಿಚ್ಚಿಸಲೇಬೇಕು. ಕಳೆದ ಸಲ ಅದು ಪದದ ನಡುವೆ ಮಿನುಗಿತು.

ಊರಿನಲ್ಲಿರುವ ಅಜ್ಜಿ ತಾತಂದಿರು ಮೊಮ್ಮಕ್ಕಳ ವೇಷಕ್ಕೆಂದು ಪ್ರೀತಿಯಿಂದ ಕಳುಹಿಸುವುದು ಹೆಚ್ಚಾಗಿ ಮೈಸೂರು ಪೇಟ. ಚೆಂದದ ವಸ್ತುವೇ. ಒಡೆಯರಿಗೆ, ವಿಶ್ವೇಶ್ವರಯ್ಯನವರಿಗೆ ಒಪ್ಪುತ್ತದೆ. ಒಂದೇ ಪೇಟ ಪುಲಿಕೇಶಿಯ ತಲೆಗೂ ಏರಿದಾಗ ಕಣ್ಣಿಗೆ ಚುಚ್ಚುತ್ತದೆ. ಈ ಸಲ ಯಾರಾದರೂ ಇತ್ತ ಹೊರಟರೆ ಬೇರೆ ಕೆಲವು ಸಾಮಾನು ಕಟ್ಟಿಕೊಡಿ: ಉಟ್ಟು ಮೆತ್ತಗಾದ ನೂಲಿನ ಸೀರೆ, ಕನಕದಾಸರ ಹೆಗಲಿಗೆ ಒಂದು ಕರಿ ಕಂಬಳಿ, ದಾಸರಿಗೆ ತುಳಸಿಮಾಲೆ ಮತ್ತು ಕಾಲ್ಗೆಜ್ಜೆ, ಸಣ್ಣ ಅಳತೆಯ ಗಾಜಿನ ಬಳೆ. ಬಳೆಯನ್ನು ಸೀರೆಯ ಮಡಿಕೆಯೊಳಗಿಟ್ಟರೆ ಒಡೆಯದೆ ಬರುತ್ತದೆ. ಒನಕೆಯನ್ನು ಮಾತ್ರ ಕಳುಹಿಸಬೇಡಿ. ವಿಮಾನದ 23 ಕಿಲೋ ಮಿತಿಯಲ್ಲಿ ಅದಕ್ಕೆ ಜಾಗ ಕೊಟ್ಟರೆ ಹಪ್ಪಳ ಸಂಡಿಗೆ ಉಳಿದುಬಿಡುತ್ತದೆ. ಬಾಡಿಗೆಗೆ ಹಿಡಿಯುವ ಶಾಲೆಯ ಸಭಾಂಗಣಗಳಲ್ಲಿ ಆಟಿಕೆಯ ಕತ್ತಿಗೂ ಪ್ರಶ್ನೆ ಕೇಳುವುದುಂಟು, ನಿಜವಾದ ಒನಕೆ ಕಂಡರೆ ಕೇಳುವುದೇ ಬೇಡ. ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆಗೆ ಕಂದು ಬಣ್ಣ ಬಳಿದು ಇಲ್ಲೇ ಒಂದು ಮಾಡಿಟ್ಟಿದ್ದೇವೆ; ಹತ್ತು ಅಡಿಯಿಂದ ಒನಕೆಯೇ.